ಮಲ್ಲೇಶನ ಮದುವೆಗೆ ಬರೆದ ಹಸೆ

ಕೆರಿಯಮ್ಮ ಉಮೇಶನನ್ನು ಮೊದಲ ಸಲ ಕಂಡ ದಿನ ಅವನಿಂದ ಮೂರು ಕೊಡ ನೀರು ಹೊರಿಸಿದಳು.

ಕವಲೇದುರ್ಗದ ಬುಡದಲ್ಲಿ ಒಂದು ಹಳೆಯ ಮನೆಯನ್ನು ಸೀರಿಯಲ್ಲಿನವರು ಬಾಡಿಗೆಗೆ ಹಿಡಿದಿದ್ದರು. ಕಥೆಯಲ್ಲಿ ಹೀರೋನ ಮದುವೆ. ಗೋಡೆಗೆ ಹಸೆ ಚಿತ್ತಾರ ಬೇಕು, ಕೈಯಾರೆ ಬರೆಯುವವರು ಯಾರಿದ್ದಾರೆ ಎಂದು ಹುಡುಕಿ, ಸಾಗರದ ಪಕ್ಕದ ಹಳ್ಳಿಯಿಂದ ಅವಳನ್ನು ಜೀಪಿನಲ್ಲಿ ಕರೆತಂದಿದ್ದರು. ಅರವತ್ತೊಂಬತ್ತು ವರ್ಷದ ವಿಧವೆ. ಓದು ಎರಡನೇ ಕ್ಲಾಸಿಗೆ ನಿಂತದ್ದು. ಆದರೆ ಸುತ್ತಲ ಏಳೆಂಟು ಊರಿನ ಮದುವೆಮನೆಗಳಿಗೆ ಗೋಡೆ ಬರೆದ ಕೈ.

ಕೆಮ್ಮಣ್ಣಿನ ಬುಟ್ಟಿ, ಅಕ್ಕಿ ಅರೆಯುವ ಕಲ್ಲು, ಪುಂಡಿನಾರಿನ ಕುಂಚ ಎಲ್ಲ ಇಳಿಸಿಕೊಂಡು ನೋಡಿದರೆ, ಮೂವತ್ತರ ಆಸುಪಾಸಿನ ಒಬ್ಬ ಪಂಚೆ ಉಟ್ಟು ಜಗಲಿಯ ಮೇಲೆ ಕಾಲಾಡಿಸುತ್ತ ಕೂತಿದ್ದ. ಊಟ ಬಡಿಸುವವನಿರಬೇಕು ಎಂದುಕೊಂಡಳು.

"ತಮ್ಮಾ, ಸುಮ್ನೆ ಎಂತಕ್ಕೆ ಕೂತಿದೀಯ? ಒಂದು ಕೊಡ ನೀರು ತಗಂಡ್ ಬಾ."

ಅವನು ತಂದ. ಕೆರಿಯಮ್ಮ ಮೂಸಿ ನೋಡಿ ಅಂಗಳಕ್ಕೆ ಚೆಲ್ಲಿದಳು. "ಇದು ಟ್ಯಾಂಕಿ ನೀರು. ಬಾವೀದು ತಾ." ಬಾವಿಯದು ತಂದ. ಅದರಲ್ಲಿ ಕಸ ತೇಲುತ್ತಿತ್ತು. "ಸೋಸ್ಕೊಂಡು ಬರಬಾರದಾ ಮಾರಾಯ? ಅಕ್ಕಿಹಿಟ್ಟು ಕಲಸೋಕೆ ಬೇಕು." ಸೋಸಿ ಮೂರನೆಯದನ್ನು ತಂದಿಡುವಷ್ಟರಲ್ಲಿ ಪೌಡರಿನ ಡಬ್ಬಿ ಹಿಡಿದ ಹುಡುಗಿಯೊಬ್ಬಳು ಓಡಿ ಬಂದು, "ಸಾರ್, ಶಾಟ್ ರೆಡಿ ಇದೆ" ಎಂದಳು.

ಕೆರಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆ ಗಂಡು ನೀನೇಯಾ?"

"ಹೌದಜ್ಜಿ."

"ಮದುವೆ ಗಂಡು ತನ್ನ ಹಸೆಗೆ ತಾನೇ ನೀರು ಹೊತ್ತದ್ದು ನಾನೆಲ್ಲೂ ಕಾಣೆ."

"ಸೀರಿಯಲ್ ಮದುವೆ ಅಲ್ವಾ, ಅಡ್ಡಿ ಇಲ್ಲ" ಎಂದು ಅವನು ನಕ್ಕು ಒಳಗೆ ಹೋದ.

ಅಡ್ಡಿ ಇತ್ತು. ಎರಡೂವರೆ ವರ್ಷದ ಮೇಲೆ ಉಮೇಶನ ನಿಜವಾದ ಮದುವೆಗೆ ಅಡ್ಡ ಬಂದದ್ದು ಆ ಗೋಡೆಯೇ.

ಕೆರಿಯಮ್ಮ, ಉಮೇಶ ಇಬ್ಬರ ಜನದಲ್ಲೂ ಮದುವೆ ಎಂದರೆ ಮೊದಲು ಹಸೆ. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಬಿಳಿಯ ಎಳೆಗಳಲ್ಲಿ ಬಾಸಿಂಗ, ಪಲ್ಲಕ್ಕಿಯಂಥ ದಂಡಿಗೆ, ನಡುವೆ ಗಂಡು ಹೆಣ್ಣಿನ ಎರಡು ಗೊಂಬೆ ಬರೆಯಬೇಕು. ಅದರ ಮುಂದೆ ಗಂಡು ಹೆಣ್ಣನ್ನು ಕೂರಿಸಿ, ಹೆಂಗಸರು ಹಾಡು ಹೇಳಿ, ತಲೆಯ ಮೇಲೆ ಅಕ್ಕಿಕಾಳಿನ ಸೇಸೆ ಹಾಕಬೇಕು. ಡೈರೆಕ್ಟರು, "ಏನೋ ಒಂದು ಡಿಸೈನ್ ಇದ್ದರೆ ಸಾಕಮ್ಮ, ಎರಡು ಗಂಟೆಯಲ್ಲಿ ಮುಗಿಸಿಬಿಡಿ" ಎಂದಿದ್ದರು. ಕೆರಿಯಮ್ಮ ಎರಡೂವರೆ ದಿನ ಬರೆದಳು. ಅಂಚಿಗೆ ಬರುವ ಸುತ್ತಿನ ಎಳೆ ಐದೆಂದರೆ ಐದೇ. ನಾಲ್ಕಕ್ಕೆ ನಿಲ್ಲಿಸಿ ತೋರಿಕೆಗೊಂದು ಹಸೆ ಬರೆಯುವುದು ಅವಳ ಕೈಗೆ ಗೊತ್ತಿರಲಿಲ್ಲ.

ಆ ಎರಡೂವರೆ ದಿನದಲ್ಲಿ ಉಮೇಶ ಬಿಡುವಾದಾಗಲೆಲ್ಲ ಬಂದು ಅವಳ ಹತ್ತಿರ ಕೂತ. ಹೊಸನಗರದವನು, ಶಾಲೆಯ ವ್ಯಾನು ಓಡಿಸುತ್ತಿದ್ದವನು, ಊರಿನ ನಾಟಕಗಳಲ್ಲಿ ಪಾರ್ಟು ಮಾಡಿದವನು. ಸೀರಿಯಲ್ಲಿನವರಿಗೆ ಹೊಸ ಮುಖ ಬೇಕಾಗಿ ಅವನನ್ನು ಆರಿಸಿದ್ದರು. ಕಥೆಯಲ್ಲಿ ಅವನ ಹೆಸರು ಮಲ್ಲೇಶ. ನಾಚಿಕೆಯ, ಯಾರಿಗೂ ಎದುರಾಡದ ಗಂಡಸು. ನಾಚಿಕೆ ಎಂದರೆ ಉಮೇಶ ಕಣ್ಣರಳಿಸಿ ಬಾಯಿ ತೆರೆದು ನಿಲ್ಲುತ್ತಿದ್ದ.

"ಇದೆಂತದು?" ಎಂದಳು ಕೆರಿಯಮ್ಮ, ಕುಂಚ ಎತ್ತದೆ. "ನಾಚ್ಕೆ ಇರೋನು ಬಾಯಿ ಬಿಡ್ತಾನಾ? ಮುಚ್ಕೊಳ್ತಾನೆ."

"ಮತ್ತೆ ಹೆಂಗೆ ಮಾಡ್ಲಿ, ಹೇಳಿ."

ಅವಳಿಗೆ ತಿಳಿದಿದ್ದ ನಾಚಿಕೆಯ ಗಂಡಸು ಒಬ್ಬನೇ, ಆರು ವರ್ಷದ ಹಿಂದೆ ತೀರಿಕೊಂಡ ಗಂಡ ಭೂತಪ್ಪ. ಯಾರ ಮನೆಗೆ ಹೋದರೂ ಭೂತಪ್ಪ ಜಗಲಿಯ ತುದಿಗೆ ಅರ್ಧ ಊರಿ ಕೂರುತ್ತಿದ್ದ, ಎಬ್ಬಿಸಿದರೆ ಏಳಲು ಸುಲಭವಾಗಲಿ ಎಂಬಂತೆ. ಹೆಗಲ ಟವೆಲ್ಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಮೊಣಕಾಲಿನ ಮೇಲಿಟ್ಟು, ಅದಕ್ಕೆ ಅಂಗೈ ಒರೆಸಿಕೊಂಡ ಮೇಲೆ ಮಾತು ಶುರು. ಕೆರಿಯಮ್ಮ ಇದನ್ನೆಲ್ಲ ಹೇಳಿದಳು, ಒಮ್ಮೆ ಕೂತೂ ತೋರಿಸಿದಳು. ಉಮೇಶ ಹಾಗೇ ಕೂತ. ಅವಳು ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿಕೊಂಡಳು.

ಮೂರನೆಯ ದಿನ ಮದುವೆ ತೆಗೆದರು. ಕೆಳಗಿನ ಊರಿನ ಹೆಂಗಸರನ್ನೇ ಕರೆಸಿದ್ದರಿಂದ ಅವರು ತಮಗೆ ಬರುವ ಹಾಡುಗಳನ್ನೇ ಹೇಳಿದರು, ತಾವು ಹಾಕುವಂತೆಯೇ ಸೇಸೆ ಹಾಕಿದರು. ಒಂದು ಸಲ ಬೆಳಕು ಸರಿಯಿಲ್ಲವೆಂದರು. ಇನ್ನೊಂದು ಸಲ ಅಕ್ಕಿಕಾಳು ಮದುಮಗಳ ಪಾರ್ಟಿನವಳ ಕಣ್ಣಿಗೆ ಬಿತ್ತು. ಹೀಗೆ ಏಳು ಸಲ.

"ಐದನೇ ಸಲ ಆಯ್ತಲ್ಲೇ" ಎಂದಳು ಹಾಡುವವಳೊಬ್ಬಳು. "ಈ ಗಂಡಿಗೆ ಇನ್ನು ಬೇರೆ ಹೆಣ್ಣು ಕೊಡೋರಿಲ್ಲ ಬಿಡು."

ಎಲ್ಲರೂ ನಕ್ಕರು. ಕೆರಿಯಮ್ಮನೂ ನಕ್ಕಳು. ಏಳನೆಯ ಸಲ ಮಾತ್ರ ಅವಳಿಗೆ ನಗು ಬರಲಿಲ್ಲ. ಗೋಡೆಯ ಮೇಲೆ ಎಳೆ ಒಂದೂ ತಪ್ಪಿಲ್ಲ, ಹಾಡಿನಲ್ಲಿ ಸಾಲು ಒಂದೂ ಬಿಟ್ಟಿಲ್ಲ. ಇದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದರೆ ಅವಳ ಕಣ್ಣಿಗೆ ಒಂದೂ ಬೀಳಲಿಲ್ಲ.

ಸೀರಿಯಲ್ಲು ಸಂಜೆ ಏಳಕ್ಕೆ ಬರತೊಡಗಿತು. ಮಗಳು ವಿನಯಾ ಹೊಲಿಗೆ ಮಿಷಿನ್ನಿಗೆ ಬಟ್ಟೆ ಹೊದಿಸಿ ಬಂದು ಕೂರುವಳು. ಮಲ್ಲೇಶ ಅರ್ಧ ಊರಿ ಕೂರುವುದನ್ನು, ಟವೆಲ್ಲು ಮಡಚುವುದನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಮುದುಕಿಯರು ಉಮೇಶನ ಗಲ್ಲ ಮುಟ್ಟಿ ದೃಷ್ಟಿ ತೆಗೆದರು. ಸಾಗರಕ್ಕೆ ಬಂದಾಗಲೆಲ್ಲ ಅವನು ಕೆರಿಯಮ್ಮನ ಮನೆಗೆ ಬಂದು ಚಾ ಕುಡಿದು ಹೋಗುತ್ತಿದ್ದ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ರೇಟಿಂಗ್ ಬಿತ್ತು.

ಮಲ್ಲೇಶ ಬದಲಾದದ್ದು ಒಂದೇ ದಿನದಲ್ಲಲ್ಲ. ಮೊದಲು ಅವನು ಎದುರಿನವರ ಮುಖ ನೋಡಿ ಮಾತಾಡತೊಡಗಿದ. ಒಳ್ಳೆಯದೇ ಆಯಿತು ಎಂದುಕೊಂಡಳು ಕೆರಿಯಮ್ಮ. ಆಮೇಲೆ ಪೇಟೆಗೆ ಹೋಗಿ ಮೂರು ವಾರ ಕಥೆಯಲ್ಲಿ ಕಾಣಲೇ ಇಲ್ಲ. ತಿರುಗಿ ಬಂದಾಗ ಗಡ್ಡ, ಕಪ್ಪು ಕನ್ನಡಕ, ಕಂಟ್ರಾಕ್ಟರಿಕೆ. ತಾಯಿ ಬಡಿಸಿದ ಅನ್ನ ತಣ್ಣಗಿದೆ ಎಂದು ತಟ್ಟೆ ಸರಿಸಿದ. ಇನ್ನೊಂದು ತಿಂಗಳಿಗೆ ಮೇಜು ಗುದ್ದಿದ. ಬೇಸಿಗೆ ಮುಗಿಯುವ ಹೊತ್ತಿಗೆ ಹೆಂಡತಿಯ ಕೆನ್ನೆಗೆ ಹೊಡೆದ.

ಹೊಡೆದು ಬಂದು ಜಗಲಿಯ ತುದಿಗೆ ಅರ್ಧ ಊರಿ ಕೂತ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲಿನ ಮೇಲಿಟ್ಟು ಅಂಗೈ ಒರೆಸಿಕೊಂಡ.

"ಟೀವಿ ಆರ್ಸು" ಎಂದಳು ಕೆರಿಯಮ್ಮ.

ವಿನಯಾ ಆರಿಸಿದಳು. "ಅಮ್ಮ, ಅದು ಅಪ್ಪ ಅಲ್ಲ."

"ನಂಗೊತ್ತು. ಹೊಡ್ದದ್ದು ಅವರಲ್ಲ. ಕೂತದ್ದು ಅವರೇ."

ಮರುದಿನ ಏಳಕ್ಕೆ ಐದು ನಿಮಿಷವಿದೆ ಎನ್ನುವಾಗ ಅವಳೇ ಟೀವಿ ಹಾಕಿದಳು. ನೋಡಿದರೂ ಸಂಕಟ, ನೋಡದಿದ್ದರೂ ಸಂಕಟ. ಒಂದು ದಿನ ಮಲ್ಲೇಶನ ಮನೆ ದೊಡ್ಡದಾಗಿತ್ತು, ಸೋಫಾ ಬಂದಿತ್ತು, ಹಸೆಯ ಗೋಡೆಗೆ ಹಸಿರು ಪೇಂಟು ಬಳಿದಿದ್ದರು. ಹಸೆ ಮಾಸುವುದನ್ನು ಅವಳು ಕಂಡಿದ್ದಳು. ಮಾಸಲೆಂದೇ ಅದನ್ನು ಬರೆಯುವುದು. ಆದರೆ ಬಣ್ಣದ ಅಡಿಯಲ್ಲಿ ಅದು ಹಾಗೇ ಇದೆಯೆಂಬ ಯೋಚನೆ ಕೂರಲು ಬಿಡದೆ, ಅವತ್ತು ಅವಳು ಒಳಗೂ ಹೊರಗೂ ತಿರುಗಿದಳು.

ಉಮೇಶ ಬಂದಾಗ ಕೇಳಿಯೇಬಿಟ್ಟಳು: "ಹೆಂಡ್ತಿಗೆ ಎಂತಕ್ಕೆ ಹೊಡ್ದೆ?"

"ನಾನೆಂತ ಮಾಡ್ಲಿ ಅಜ್ಜಿ. ಬೆಳಿಗ್ಗೆ ಸೀನಿನ ಪೇಪರ್ ಕೊಡ್ತಾರೆ, ಮಧ್ಯಾಹ್ನ ಹೊಡೀತೀನಿ."

"ಹೊಡಿ. ಆಮೇಲೆ ನಮ್ಮನೆಯೋರ ಹಂಗೆ ಕೂರ್ಬೇಡ."

"ಅದನ್ನ ಬಿಡೋಕಾಗಲ್ಲ ಅಂತಾರೆ. ಜನ ಗುರ್ತು ಹಿಡಿಯೋದೇ ಅದ್ರಲ್ಲಿ." ಹೀಗೆಂದು ಅವನು ಫೋನು ತೆಗೆದು ಯಾರಿಗೋ ಜೋರು ಮಾಡಿದ. ಚಾ ಲೋಟವನ್ನು ಅವಳ ಕಡೆ ನೋಡದೆಯೇ ಚಾಚಿದ. ಅವಳು ಇಸಿದುಕೊಂಡಳು. ಮೊದಲೆಲ್ಲ ಅವನು ಲೋಟ ತೊಳೆದಿಡುತ್ತಿದ್ದ. ಶೂಟಿಂಗಿನ ಸುಸ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ಸಲ ಹೇಳಿಕೊಂಡಳು.

ಆ ಮಳೆಗಾಲ ಮುಗಿಯುವಾಗ ಮದುವೆಯ ಮಾತು ಬಂತು. ಹುಡುಗಿ ಮೇಳಿಗೆಯವಳು, ಪ್ರತಿಮಾ, ಅಲ್ಲಿನ ಸೊಸೈಟಿಯ ಕೌಂಟರಿನಲ್ಲಿ ಕೂರುವವಳು. ಉಮೇಶ ಅಲ್ಲಿನ ನೆಂಟರಿಗಾಗಿ ಗೊಬ್ಬರದ ಚೀಲಕ್ಕೆ ಹೋದಾಗ ಎಲ್ಲರೂ ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ನಿಂತರೆ, ಅವಳು ಮಾತ್ರ "ಹೆಸರೆಂತ, ಯಾವೂರು" ಎಂದು ಕೇಳಿ ರಸೀದಿ ಬರೆದಳಂತೆ. ಅವಳು ಸೀರಿಯಲ್ಲು ನೋಡುವುದಿಲ್ಲ. ಅಲ್ಲಿಂದ ಶುರುವಾದದ್ದು ಒಂದು ವರ್ಷ ಫೋನಿನಲ್ಲಿ ಬೆಳೆದಿತ್ತು. ಅವಳನ್ನು ಸಾಕಿದ ಅಜ್ಜಿ ಬೆಳ್ಳಮ್ಮ ಮಾತ್ರ ಸೀರಿಯಲ್ಲಿನ ಒಂದು ಕಂತನ್ನೂ ಬಿಟ್ಟವಳಲ್ಲ.

ಉಮೇಶನ ಮನೆಯವರು ಹೆಣ್ಣು ಕೇಳಲು ಹೋದಾಗ ಬೆಳ್ಳಮ್ಮ ಹೊಡೆತದ ಮಾತೆತ್ತಲಿಲ್ಲ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, "ಗಂಡಿಗೆ ಇದು ಎಷ್ಟನೇದು?" ಎಂದಳಂತೆ. ಯಾರಿಗೂ ಅರ್ಥವಾಗಲಿಲ್ಲ.

"ಹಸೆ ಮುಂದೆ ಕೂತದ್ದು ನಾನೇ ಕಂಡೀನಿ. ಸೇಸೆ ಬಿದ್ದದ್ದೂ ಕಂಡೀನಿ. ಕವಲೇದುರ್ಗದಲ್ಲಿ ನನ್ನ ತಂಗಿ ಹಾಡೋಕೆ ಹೋಗಿದ್ಲು, ಏಳು ಸಲ ಹಾಕಿದೀವಿ ಅಂದ್ಲು. ನಮ್ಮ ಹುಡುಗೀನ ಎರಡನೇ ಸಂಬಂಧಕ್ಕೆ ಕೊಡಲ್ಲ."

ಅದು ನಾಟಕವೆಂದು ಎಷ್ಟು ಹೇಳಿದರೂ ಬೆಳ್ಳಮ್ಮ ಒಂದೇ ಮಾತಿಗೆ ನಿಂತಳು: ಹಸೆ ಬರೆದವಳನ್ನು ಕೇಳುತ್ತೇನೆ. ಒಂದೆಳೆ ಬಿಟ್ಟಿದ್ದರೆ ಅದು ಬರೀ ಚಿತ್ರ. ಪೂರ್ತಿ ಬರೆದಿದ್ದರೆ ಮದುವೆ.

ಅವಳಿಗಿಂತ ಮೊದಲು ಉಮೇಶ ಬಂದ. ಮಧ್ಯಾಹ್ನದ ಹೊತ್ತು. ಕೆರಿಯಮ್ಮ ಬಾಗಿಲ ಬಳಿ ಕೂತು ಕುಂಚಕ್ಕೆ ನಾರು ಜಜ್ಜುತ್ತಿದ್ದಳು.

"ಅಜ್ಜಿ, ಒಂದೆಳೆ ಬಿಟ್ಟಿದ್ದೆ ಅಂತ ಹೇಳ್ಬಿಡಿ. ಅಷ್ಟೇ ಸಾಕು."

"ಬಿಟ್ಟಿಲ್ಲಲ್ಲ ತಮ್ಮಾ."

"ಯಾರು ಹೋಗಿ ನೋಡ್ತಾರೆ? ಮೇಲೆ ಪೇಂಟಿದೆ."

"ಪೇಂಟಿನ ಕೆಳಗೆ ಐದೂ ಇದಾವೆ."

ಅವನು ಬೇರೆ ಗಂಟಲಿನಲ್ಲಿ ಹೇಳಿದ: "ಹಂಗಾರೆ ಗಂಡ ಇಲ್ಲದೋಳು ಬರೆದ ಹಸೆ ಲೆಕ್ಕಕ್ಕಿಲ್ಲ ಅಂತಾದ್ರೂ ಹೇಳಿ."

ಕೆರಿಯಮ್ಮ ನಾರನ್ನು ಕೆಳಗಿಟ್ಟು ಎದ್ದಳು. "ನಮ್ಮಲ್ಲಿ ಕೈ ಬಂದೋರು ಬರೀತಾರೆ. ಗಂಡ ಸತ್ರೆ ಎಳೆ ಸೊಟ್ಟ ಆಗಲ್ಲ."

ಆಗ ಅವನು ಬಾಗಿಲ ದಾರಂದಕ್ಕೆ ಮುಷ್ಟಿಯಿಂದ ಗುದ್ದಿದ. ಮಲ್ಲೇಶ ಮೇಜು ಗುದ್ದುವಾಗ ಹೆಬ್ಬೆರಳನ್ನು ಒಳಗೆ ಮಡಚುತ್ತಾನೆ. ಇವನೂ ಹಾಗೇ ಮಡಚಿದ್ದ. ಕೆರಿಯಮ್ಮನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಹೆಜ್ಜೆ ಅವಳು ಇಟ್ಟಿರಲಿಲ್ಲ. ಉಮೇಶ ಮತ್ತೇನೂ ಹೇಳದೆ ಕಾರು ಹತ್ತಿ ಹೋದ.

ಆಮೇಲಿನ ನಾಲ್ಕು ದಿನ ಅವಳಿಗೆ ಯಾವ ಕೆಲಸವೂ ಕೈ ಹತ್ತಲಿಲ್ಲ. ಅಕ್ಕಿ ನೆನೆಹಾಕಿ ಅರೆಯುವುದನ್ನು ಮರೆತಳು. ಗುದ್ದಿದವನು ಯಾರು ಎಂಬುದು ಬಗೆಹರಿಯಲಿಲ್ಲ. ಪೇಪರು ಕೊಟ್ಟವರು ಯಾರೂ ಅಲ್ಲಿರಲಿಲ್ಲ. ತಾನು ಕಲಿಸಿದ ಕೂರುವಿಕೆ ಅವನಿಗೆ ಅಂಟಿದ ಹಾಗೆ ಇದೂ ಅಂಟಿತೋ, ಅಥವಾ ಮೊದಲಿಂದ ಒಳಗಿದ್ದದ್ದೇ ಈಗ ಹೊರಬಂತೋ? "ಒಂದೆಳೆ ತಾನೇ ಅಮ್ಮ" ಎಂದಳು ವಿನಯಾ. "ಹೇಳಿದ್ರೆ ಎರಡು ಮನೆ ಸುಖವಾಗಿರ್ತಿತ್ತು."

ಐದನೆಯ ದಿನ ಹತ್ತೂವರೆಯ ಬಸ್ಸಿಗೆ ಬೆಳ್ಳಮ್ಮ ಮೊಮ್ಮಗಳ ಜೊತೆ ಬಂದಿಳಿದಳು. ತೀರ್ಥಹಳ್ಳಿಯಲ್ಲೊಮ್ಮೆ, ಹೊಸನಗರದಲ್ಲೊಮ್ಮೆ ಬಸ್ಸು ಬದಲಿಸಿ ಸೊಂಟ ಹಿಡಿದುಕೊಂಡಿತ್ತು. ನೀರು ಬೆಲ್ಲ ತೆಗೆದುಕೊಂಡು, ಮಳೆ ಬೆಳೆಯ ಮಾತಿಗೂ ಕಾಯದೆ ಕೇಳಿದಳು.

"ನೋಡಿ ಅಕ್ಕ, ನೀವು ಬರೆಯೋರು, ನಿಮಗೆ ಗೊತ್ತಿರ್ತದೆ. ಆ ಹಸೆ ಪೂರ್ತಿಯಾ, ಅರ್ಧವಾ?"

"ಪೂರ್ತಿ."

"ಸುತ್ತಿನೆಳೆ?"

"ಐದು. ಗೊಂಬೆ ಎರಡು. ದಂಡಿಗೆ ಇದೆ. ತಪ್ಪು ಅವನದಲ್ಲ, ಬೆಳ್ಳಮ್ಮ. ಚಿತ್ರ ಕೇಳಿದೋರಿಗೆ ನಾನು ಹಸೆ ಬರ್ದುಕೊಟ್ಟೆ."

ಬೆಳ್ಳಮ್ಮ ಮೊಮ್ಮಗಳ ಕಡೆ ತಿರುಗಿದಳು. "ಕೇಳಿದ್ಯಾ?"

"ಕೇಳಿದೆ" ಎಂದಳು ಪ್ರತಿಮಾ. "ಹಸೆ ಇಲ್ದೆ ರಿಜಿಸ್ಟರ್ ಆಫೀಸಲ್ಲಿ ಆಗ್ತೀನಿ. ಅಲ್ಲಿ ಗೋಡೆಗೆ ಕ್ಯಾಲೆಂಡರ್ ಬಿಟ್ರೆ ಎಂತದೂ ಇಲ್ಲ."

"ಸೇಸೆ ಬಿದ್ದದ್ದು?"

"ಏಳು ಸಲ ಮದುವೆಯಾಗಿ ಒಂದ್ಸಲನೂ ಸಂಸಾರ ಮಾಡಿಲ್ಲ ಅಜ್ಜಿ ಅವರು. ನನ್ನ ಚಿಂತೆ ಅದಲ್ಲ."

ಬೆಳ್ಳಮ್ಮ ಗೊಣಗುತ್ತ ವಿನಯಾ ತೋರಿಸಿದ ಬಚ್ಚಲಿಗೆ ಹೋದಳು. ಪ್ರತಿಮಾ ಜಗಲಿಯಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತಳು.

"ಅವರು ಇಲ್ಲಿಗೆ ಬಂದಿದ್ರಲ್ಲ. ಸುಳ್ಳು ಹೇಳಿ ಅಂದ್ರಾ?"

ಒಂದು ಸುಳ್ಳು ಹೇಳಲಾರದವಳು ಇನ್ನೊಂದನ್ನು ಹೇಗೆ ಹೇಳುವುದು. "ಅಂದ. ಇಲ್ಲ ಅಂದಿದ್ದಕ್ಕೆ ಈ ದಾರಂದಕ್ಕೆ ಗುದ್ದಿದ." ತಾನು ಹಿಂದಿಟ್ಟ ಹೆಜ್ಜೆಯನ್ನು ಮಾತ್ರ ಹೇಳಲಿಲ್ಲ.

ಪ್ರತಿಮಾ ದಾರಂದ ಮುಟ್ಟಿ ನೋಡಿದಳು. ಅಲ್ಲಿ ಗುರುತೇನೂ ಇರಲಿಲ್ಲ. "ನಂಗೂ ಫೋನಲ್ಲಿ ಒಂದೊಂದ್ಸಲ ಹಂಗೆ ಕೇಳ್ತದೆ. ಬೇರೆ ಯಾರೋ ಮಾತಾಡ್ದಂಗೆ. ಆಮೇಲೆ ಅವರೇ ಬರ್ತಾರೆ. ಯಾವತ್ತೋ ಒಂದಿನ ಬರದೇ ಹೋದ್ರೆ ಅಂತ." ದಾರಂದದಿಂದ ಕೈ ತೆಗೆದು ಹೇಳಿದಳು: "ನಾನು ಅವರಿಗೆ ಒಂದು ಮಾತು ಹೇಳ್ತೀನಿ ಅಜ್ಜಿ. ಹೋಗಿ, ಆವತ್ತು ನಿಮಗೆ ಹೆದರಿಕೆ ಆಗಿತ್ತಾ ಕೇಳ್ಕೊಂಡು ಬನ್ನಿ ಅಂತ. ಆಯ್ತು ಅನ್ನಿ, ಇಲ್ಲ ಅನ್ನಿ, ಅದು ನಿಮಗೆ ಬಿಟ್ಟದ್ದು. ಅವರು ಬರೀ ಅಷ್ಟು ಕೇಳಿದ್ರೆ ನಾನು ರಿಜಿಸ್ಟರ್ ಆಫೀಸಿಗೆ ಬರ್ತೀನಿ. ಹಿಂಗೆ ಹೇಳಿ, ಹಂಗೆ ಹೇಳಿ ಅಂತ ಒಂದು ಮಾತು ಸೇರಿಸಿದ್ರೂ ನಂಗೊಂದು ಫೋನ್ ಮಾಡಿ."

ಉಮೇಶ ಬಂದದ್ದು ವಾರದ ಮೇಲೆ, ಗುರುವಾರ ಬೆಳಿಗ್ಗೆ. ಅಷ್ಟರಲ್ಲಿ ಟೀವಿಯಲ್ಲಿ ಇನ್ನೊಂದು ನಡೆದಿತ್ತು. ಮಲ್ಲೇಶ ಹಾಸಿಗೆ ಹಿಡಿದ ತಾಯಿಯ ಕಾಲು ಹಿಡಿದು ಎರಡು ಕಂತು ಪೂರ್ತಿ ಅತ್ತಿದ್ದ. ಇನ್ನು ಒಳ್ಳೆಯವನಾಗುತ್ತಾನೆ ಎಂದು ವಿನಯಾ ಖುಷಿಪಟ್ಟರೆ ಕೆರಿಯಮ್ಮನಿಗೆ ದಿಗಿಲಾಗಿತ್ತು. ಇವನೂ ಬಂದು ಕಾಲಿಗೆ ಬಿದ್ದು ಅತ್ತರೆ, ಆ ಅಳು ಯಾರದೆಂದು ತಾನು ಹೇಗೆ ಗುರುತು ಹಿಡಿಯಲಿ?

ಅವನು ಕಾಲಿಗೆ ಬೀಳಲಿಲ್ಲ. ಗಡ್ಡ ಹಾಗೇ ಇತ್ತು. ಅಂಗಳದಲ್ಲಿ ನಿಂತೇ ಮಾತಾಡಿದ.

"ರಸ್ತೆ ಪೂರ್ತಿ ಕಿತ್ತುಹೋಗಿದೆ, ಹೊಸನಗರದಿಂದ ಒಂದೂವರೆ ಗಂಟೆ ಹಿಡೀತು."

"ಹೌದು, ರಿಪೇರಿ ಮಾಡ್ತಾರಂತೆ."

"ಸೀರಿಯಲ್ ಇನ್ನು ಮೂರು ತಿಂಗಳು ಅಂತೆ. ಮಲ್ಲೇಶನ್ನ ಪುನಃ ಒಳ್ಳೆಯೋನು ಮಾಡ್ತಿದಾರೆ."

"ಕಂಡೆ."

"ಅತ್ತದ್ದು ಜಾಸ್ತಿ ಆಯ್ತಾ?"

"ಜಾಸ್ತಿ ಆಯ್ತು."

ಅವನು ನಕ್ಕ ಹಾಗೆ ಮಾಡಿ ನಿಲ್ಲಿಸಿದ. ವಿನಯಾ ಚಾ ತಂದಳು, ಬೇಡವೆಂದ. ಕೆರಿಯಮ್ಮನಿಗೆ ಕೇಳು, ಬೇಗ ಕೇಳಿ ಮುಗಿಸು ಎಂದು ಹೇಳಬೇಕೆನಿಸಿತು. ಹೇಳಿದರೆ ಅದೂ ಒಂದು ಪೇಪರು ಕೊಟ್ಟ ಹಾಗೆ. ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ನಿಂತಳು. ಅವನು ಒಮ್ಮೆ ಕಾರಿನ ಕಡೆ ಹೋದ, ತಿರುಗಿ ಬಂದ. ಬಾಯಿ ತೆರೆದು ಮುಚ್ಚಿದ. ಪ್ರತಿಮಾಳ ಹೆಸರೆತ್ತಲಿಲ್ಲ. ಮದುವೆಯ ಮಾತೆತ್ತಲಿಲ್ಲ. ಆಮೇಲೆ ಅವಳ ಮುಖವನ್ನಲ್ಲ, ಹೊಸಿಲಿನ ಮೇಲಿದ್ದ ಅವಳ ಪಾದಗಳನ್ನು ನೋಡುತ್ತ ಕೇಳಿದ:

"ಆವತ್ತು ನಾನು ಗುದ್ದಿದಾಗ ನೀವು ಒಂದು ಹೆಜ್ಜೆ ಹಿಂದೆ ಹೋದ್ರಿ. ನನ್ನ ಕಂಡು ಹೆದರಿದ್ರಾ, ಅಜ್ಜಿ?"